ಎದುರು ಕೂತವನ ಕನಸು: ಬಿಜಾಪುರದ ಭಾವಚಿತ್ರಗಳು

ಆದಿಲಶಾಹಿ ಭಾವಚಿತ್ರಗಳ ಬಗ್ಗೆ ಬರೆಯುವವರು ‘ಕನಸಿನಂಥವು’ ಎಂಬ ಮಾತನ್ನು ಬಿಟ್ಟದ್ದು ಕಡಿಮೆ. ಮೊಗಲರದು ವಾಸ್ತವ, ದಖನ್ನಿನದು ಕನಸು ಎಂದು ಗೆರೆ ಎಳೆದುಬಿಟ್ಟರೆ ವಿಮರ್ಶಕನ ಕೆಲಸ ಹಗುರ. ಆದರೆ ಆ ಗೆರೆ ಅಳಿಸಲು ಚಿತ್ರಕಾರ ಫರ್ರುಖ್ ಬೇಗ್ ಒಬ್ಬನೇ ಸಾಕು. ಇರಾನಿ ಪರಂಪರೆಯಲ್ಲಿ ಪಳಗಿದ ಈತ 1585ರಲ್ಲಿ ಅಕ್ಬರನ ಆಸ್ಥಾನ ಸೇರಿದ. ನಡುವೆ ಕೆಲವು ವರ್ಷ ಬಿಜಾಪುರದಲ್ಲಿದ್ದು ಜಹಾಂಗೀರನ ಕಾಲಕ್ಕೆ ಉತ್ತರಕ್ಕೆ ಮರಳಿದ. ಬಿಜಾಪುರದ ಚಿತ್ರಕಾರ ಫರ್ರುಖ್ ಹುಸೇನ್ ಇವನೇ ಎಂಬುದು ಬಹುಪಾಲು ವಿದ್ವಾಂಸರ ಮತ. ಹಾಗಿದ್ದರೆ ಕನಸು ಕುಂಚದ್ದಲ್ಲ, ಎದುರು ಕೂತವನದು.

ಎದುರು ಕೂತವನು ಎರಡನೇ ಇಬ್ರಾಹಿಂ ಆದಿಲಶಹ. 1580ರಲ್ಲಿ ಬಾಲಕನಾಗಿ ಪಟ್ಟವೇರಿ 1627ರವರೆಗೆ ಆಳಿದ. ಗಣಪತಿಯನ್ನು ತಂದೆ, ಸರಸ್ವತಿಯನ್ನು ತಾಯಿ ಎಂದು ಕರೆದುಕೊಂಡ. ತನ್ನ ಹಾಡುಗಳ ಪುಸ್ತಕ ‘ಕಿತಾಬ್-ಎ-ನೌರಸ್’ನಲ್ಲಿ ಕಲಬುರಗಿಯ ಸೂಫಿ ಸಂತ ಬಂದೇನವಾಜರಿಗೂ ಹಾಡು ಕಟ್ಟಿದ. ತನ್ನ ತಂಬೂರಿಗೆ ಮೋತಿಖಾನ್, ಆನೆಗೆ ಆತಿಶ್ ಖಾನ್ ಎಂದು ಹೆಸರಿಟ್ಟ. ಇಂಥವನಿಗೆ ಚಿತ್ರಕಾರ ಕೇವಲ ಕನ್ನಡಿ ಹಿಡಿದರೆ ಸಾಲದು.

ಪ್ರಾಗ್‌ನಲ್ಲಿರುವ ಫರ್ರುಖನ ಚಿತ್ರದಲ್ಲಿ ದೊರೆ ತಂಬೂರಿ ನುಡಿಸುತ್ತಿದ್ದಾನೆ. ಬ್ರಿಟಿಷ್ ಮ್ಯೂಸಿಯಂನ ಚಿತ್ರದಲ್ಲಿ ಅವನ ಕೈಯಲ್ಲಿರುವುದು ಕತ್ತಿಯಲ್ಲ, ತಾಳದ ಚಿಟಿಕೆ. ಅನೇಕ ಚಿತ್ರಗಳಲ್ಲಿ ಕೊರಳಿಗೆ ರುದ್ರಾಕ್ಷಿ. ಮುಖ ಮುಕ್ಕಾಲು ತಿರುವಿನಲ್ಲಿ, ಗಡ್ಡ ತೆಳು, ಕಣ್ಣು ನೋಡುಗನ ಗೊಡವೆಗೇ ಬರುವುದಿಲ್ಲ. ಇದು ರಾಗದಲ್ಲಿ ಮುಳುಗಿದ ಗಾಯಕನ ಭಂಗಿ. ಚಿತ್ರಕಾರ ಮೂಗಿನ ಗೆರೆಗಿಂತ ಆ ಮಗ್ನತೆಯನ್ನು ಹಿಡಿಯಲು ಹೆಣಗಿದ್ದಾನೆ, ಗೆದ್ದಿದ್ದಾನೆ ಕೂಡ.

ಆದರೆ ಈ ಗೆಲುವಿಗೆ ತೆತ್ತ ಬೆಲೆಯ ಲೆಕ್ಕವನ್ನು ಯಾರೂ ಹಾಕುವುದಿಲ್ಲ. 1618ರಲ್ಲಿ ಜಹಾಂಗೀರ್, ಅಫೀಮಿಗೆ ಬಲಿಯಾಗಿ ಸಾಯುತ್ತಿದ್ದ ತನ್ನ ಆಸ್ಥಾನಿಕ ಇನಾಯತ್ ಖಾನನನ್ನು ಚಿತ್ರಿಸಿ ಎಂದು ಅಪ್ಪಣೆ ಕೊಟ್ಟ. ದಿಂಬಿಗೊರಗಿದ ದೇಹ, ಎಣಿಸಬಹುದಾದ ಪಕ್ಕೆಲುಬು, ಗುಳಿಬಿದ್ದ ಕಣ್ಣು. ಅರಸನ ಕುತೂಹಲದಲ್ಲಿ ಕ್ರೌರ್ಯವಿತ್ತು, ನಿಜ. ಆದರೂ ಇನ್ನೊಬ್ಬ ಮನುಷ್ಯನನ್ನು ಕಣ್ಣು ಕೀಳದೆ ನೋಡುವ ಆ ಛಲ ಇಬ್ರಾಹಿಮನ ಆಸ್ಥಾನದಲ್ಲಿ ಬೆಳೆಯಲೇ ಇಲ್ಲ. ಅಲ್ಲಿಯೂ ಸೂಫಿಗಳ, ಯೋಗಿನಿಯರ ಒಳ್ಳೆಯ ಚಿತ್ರಗಳಿವೆ. ಅವರೂ ದೊರೆಯ ಮನೋಲೋಕದ ಪ್ರಜೆಗಳಂತೆಯೇ ಕಾಣುತ್ತಾರೆ. ಒಬ್ಬನ ರುಚಿಗೆ ಇಷ್ಟು ಒಗ್ಗಿದ ಶೈಲಿ ಅವನ ನಂತರ ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಸೊರಗುವಿಕೆಗೆ ರಾಜಕೀಯವೂ ಕೈಜೋಡಿಸಿತು. 1636ರ ಒಪ್ಪಂದದಲ್ಲಿ ಇಬ್ರಾಹಿಮನ ಮಗ ಮುಹಮ್ಮದ್ ಆದಿಲಶಹ ಷಹಜಹಾನನ ಮೇಲಧಿಕಾರ ಒಪ್ಪಿಕೊಂಡ. ಬಿಜಾಪುರದ ಚಿತ್ರಗಳಲ್ಲಿ ಮೊಗಲ್ ಬಿಗಿ ಹೆಚ್ಚಿತು: ಪಕ್ಕದಿಂದ ಕಾಣುವ ಮುಖ, ನೆಟ್ಟಗಿನ ನಿಲುವು. ಬಣ್ಣ ಹಳೆಯದೇ, ಬಂಗಾರ ಧಾರಾಳ, ಒಳಗೆ ಮಾತ್ರ ರಾಗವಿಲ್ಲ.

ಇಳಿಗಾಲದ್ದೆಂದು ಬದಿಗಿಡುವ ಒಂದು ಚಿತ್ರಕ್ಕೆ ಮಾತ್ರ ನಾನು ಹೆಚ್ಚು ಅಂಕ ಕೊಡುತ್ತೇನೆ: ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಸುಮಾರು 1680ರಲ್ಲಿ ಬರೆದದ್ದು, ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಬದುಕಿದ್ದವನೂ ಸತ್ತವರೂ ಸೇರಿ ಒಂಬತ್ತು ಸುಲ್ತಾನರು ಒಂದೇ ಸಭೆಯಲ್ಲಿ. ಇರಾನಿನ ಸಫವೀ ದೊರೆಯಿಂದ ವಂಶಕ್ಕೆ ಅಧಿಕಾರದ ಕೀಲಿಕೈ. ಕೊನೆಯವನಾಗಿ ಹುಡುಗ ಸಿಕಂದರ್. ವಂಶದ ಸಾಲುಚಿತ್ರ ಮೊಗಲರ ಮಾದರಿಯೇ, ಒಪ್ಪೋಣ. ಆದರೆ ಇಲ್ಲಿ ಇಬ್ರಾಹಿಂ ಒಂಬತ್ತರಲ್ಲಿ ಒಬ್ಬ, ಅಷ್ಟೆ. ಅವನ ನೆರಳಿನಾಚೆ ಬಿಜಾಪುರದ ಚಿತ್ರಕಾರರು ಮಾಡಿದ ಧೈರ್ಯದ ಪ್ರಯತ್ನ ಇದು. ಅದನ್ನು ಮುಂದುವರಿಸಲು ಅವರಿಗೆ ಸಮಯವಿರಲಿಲ್ಲ: 1686ರಲ್ಲಿ ಔರಂಗಜೇಬನ ಸೈನ್ಯ ಊರೊಳಗೆ ಬಂತು.