ಮುಚ್ಚಳದ ಹೊರಗಿನ ಕಾಯಿಲೆ

ಊರ ಬಚ್ಚಲಿನ ಹಂಡೆ ಕೆಟ್ಟದ್ದನ್ನು ನಾನು ನೋಡಿಲ್ಲ. ಸೌದೆ ಹಸಿಯಾಗಿದ್ದರೆ ಹೊಗೆ ಬರುತ್ತಿತ್ತು, ನೀರು ಕಾಯುತ್ತಿರಲಿಲ್ಲ. ಕಾರಣ ಕಣ್ಣೆದುರಿಗೇ ಇರುತ್ತಿತ್ತು. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯ ಕಾಂಬಿ ಬಾಯ್ಲರ್ ಹಾಗಲ್ಲ. ಅಡುಗೆಮನೆ ಗೋಡೆಗೆ ತೂಗುಹಾಕಿದ ಬಿಳಿ ಪೆಟ್ಟಿಗೆ. ಮೈ ಸರಿಯಿಲ್ಲದಾಗ ಒಂದು ಅಕ್ಷರ, ಎರಡು ಅಂಕಿ ತೋರಿಸಿ ಸುಮ್ಮನಾಗುತ್ತದೆ.

ಯಂತ್ರದ ವಿನ್ಯಾಸ ಮೆಚ್ಚುವಂಥದ್ದೇ. ಅಟ್ಟದ ಮೇಲೆ ತೊಟ್ಟಿ ಬೇಡ, ಬಿಸಿನೀರಿನ ಸಿಲಿಂಡರ್ ಬೇಡ. ಒಂದೇ ಗ್ಯಾಸ್ ಉರಿ ರೇಡಿಯೇಟರುಗಳನ್ನು ಕಾಯಿಸುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ಡೈವರ್ಟರ್ ವಾಲ್ವ್ ಆ ಕಾದ ನೀರನ್ನು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಎಂಬ ಅಂಗೈಯಗಲದ ಉಕ್ಕಿನ ಇಟ್ಟಿಗೆಯತ್ತ ಹೊರಳಿಸುತ್ತದೆ. ಅಲ್ಲಿ ಒಂದು ಪದರದಲ್ಲಿ ಬಾಯ್ಲರಿನ ನೀರು, ಪಕ್ಕದ ಪದರದಲ್ಲಿ ಸ್ನಾನದ ನೀರು; ಎರಡೂ ಬೆರೆಯದೆ ಬಿಸಿ ಮಾತ್ರ ದಾಟುತ್ತದೆ. ನಮ್ಮೂರುಗಳ ಬಚ್ಚಲಲ್ಲಿ ಗ್ಯಾಸ್ ಗೀಸರ್ ಒಳಗಿನ ಗಾಳಿಯನ್ನೇ ಉರಿಸಿ ಜೀವ ತೆಗೆದದ್ದುಂಟು. ಇದು ಹೊರಗಿನ ಗಾಳಿ ಎಳೆದು ಹೊರಕ್ಕೇ ಬಿಡುತ್ತದೆ. ಅದೊಂದಕ್ಕೇ ನೂರಕ್ಕೆ ಎಂಬತ್ತು ಅಂಕ ಕೊಟ್ಟೇನು.

ನನ್ನ ತಕರಾರು ಅದನ್ನು ರಿಪೇರಿ ಮಾಡುವ ರೂಢಿಯ ಮೇಲೆ: ಮುಚ್ಚಳ ಬಿಚ್ಚು, ಸಂಕೇತ ಓದು, ಬಿಡಿಭಾಗ ಬದಲಿಸು. ಆ ಮುಚ್ಚಳಕ್ಕೆ ನಾವು ಕೈಹಾಕುವಂತಿಲ್ಲ ಎಂಬುದು ಸರಿಯೇ. ಅದು 2009ರಲ್ಲಿ ಕಾರ್ಗಿ ಎಂಬ ಹಳೆಯ ನೋಂದಣಿಯ ಜಾಗಕ್ಕೆ ಬಂದ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವವರ ಕೆಲಸ. ಆದರೆ ಕಾಯಿಲೆಯ ಗುರುತುಗಳೆಲ್ಲ ಮುಚ್ಚಳದ ಹೊರಗೇ ಇವೆ. ರೇಡಿಯೇಟರ್ ಕಾದು ನಲ್ಲಿ ಮಾತ್ರ ತಣ್ಣಗಿದ್ದರೆ ಗ್ಯಾಸು, ಉರಿ, ಪಂಪು ಮೂರೂ ನೆಟ್ಟಗಿವೆ ಎಂದಾಯಿತು. ಅನುಮಾನ ಡೈವರ್ಟರ್ ಮೇಲೆ, ಇಲ್ಲವೇ ನೀರು ಹರಿದದ್ದನ್ನು ಗುರುತಿಸುವ ಫ್ಲೋ ಸೆನ್ಸರ್ ಮೇಲೆ. ನಡುಬೇಸಿಗೆಯಲ್ಲಿ ಸ್ನಾನಕ್ಕೆ ನಿಂತಾಗ ರೇಡಿಯೇಟರೂ ಬಿಸಿಯಾದರೆ ವಾಲ್ವ್ ಅರ್ಧದಲ್ಲಿ ಸಿಕ್ಕಿಕೊಂಡಿರಬೇಕು. ರೇಡಿಯೇಟರು, ನಲ್ಲಿ ಎರಡೂ ತಣ್ಣಗಿದ್ದರೆ ಮೊದಲು ಒತ್ತಡದ ಮುಳ್ಳು ನೋಡಬೇಕು. ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕಾದದ್ದು. ನೀರು ಹೆಪ್ಪುಗಟ್ಟುವ ಚಳಿಯ ಬೆಳಗಾದರೆ ಹೊರಗೋಡೆಯ ಪ್ಲಾಸ್ಟಿಕ್ ಕೊಳವೆ ನೋಡಬೇಕು. 2005ರ ನಿಯಮದ ನಂತರ ಇಲ್ಲಿ ಹೊಸದಾಗಿ ಕೂರಿಸುವ ಬಾಯ್ಲರುಗಳು ಹೆಚ್ಚುಕಡಿಮೆ ಎಲ್ಲವೂ ಹೊಗೆಯೊಳಗಿನ ಆವಿಯನ್ನೂ ನೀರಾಗಿಸಿ ಬಿಸಿ ಉಳಿಸುವಂಥವು. ಆ ನೀರು ಹೊರಹೋಗುವ ಕೊಳವೆ ಹೆಪ್ಪುಗಟ್ಟಿ 2010ರ ಡಿಸೆಂಬರಿನಲ್ಲಿ ಎಷ್ಟೋ ಮನೆಗಳು ತಣ್ಣಗಾಗಿದ್ದವು. ಮದ್ದು ಒಂದು ಚೊಂಬು ಬೆಚ್ಚನೆಯ ನೀರು. ಕುದಿನೀರು ಸುರಿದರೆ ಕೊಳವೆ ಸೀಳೀತು.

ಕೆಲವು ದೂರುಗಳು ದೋಷವೇ ಅಲ್ಲ. 24 ಕಿಲೋವಾಟ್ ಉರಿಗೆ ನೀರನ್ನು 35 ಡಿಗ್ರಿ ಏರಿಸುವ ಕೆಲಸ ಕೊಟ್ಟರೆ ನಿಮಿಷಕ್ಕೆ 10 ಲೀಟರಿಗಿಂತ ತುಸು ಕಡಿಮೆ ಸಿಗುತ್ತದೆ. ಜನವರಿಯಲ್ಲಿ ಕೊಳಾಯಿಗೆ 5 ಡಿಗ್ರಿಯ ನೀರು ಬರುತ್ತಿರುವಾಗ ಎರಡು ಬಚ್ಚಲಲ್ಲಿ ಒಟ್ಟಿಗೆ ಷವರ್ ತೆರೆದರೆ ಬಾಯ್ಲರನ್ನು ಬೈದು ಫಲವಿಲ್ಲ.

ನಮ್ಮ ಮನೆಯ ತಾಪತ್ರಯ ಬೇರೆ: ಎಲ್ಲ ನಲ್ಲಿಯಲ್ಲೂ ಉಗುರುಬೆಚ್ಚಗಿನ ನೀರು, ಪರದೆಯಲ್ಲಿ ಸಂಕೇತವೇ ಇಲ್ಲ. ಬಂದವರು ಮೊದಲು ಪ್ಲೇಟ್ ಬದಲಿಸಿದರು. ಥೇಮ್ಸ್ ಕಣಿವೆಯದು ಸುಣ್ಣದಕಲ್ಲಿನ ಗಡಸು ನೀರು, ಪ್ಲೇಟಿನಲ್ಲಿ ಸುಣ್ಣ ಕಟ್ಟುವುದು ಸಾಮಾನ್ಯ, ಆದ್ದರಿಂದ ಊಹೆ ತಪ್ಪೆನ್ನಲಾರೆ. ಆದರೆ ಸುಣ್ಣ ಕಟ್ಟಿದಾಗ ನೀರು ಸಾಮಾನ್ಯವಾಗಿ ಒಮ್ಮೆ ಸುಡುತ್ತದೆ, ಒಮ್ಮೆ ತಣ್ಣಗಾಗುತ್ತದೆ. ನಮ್ಮದು ಒಂದೇ ಸಮನೆ ಬೆಚ್ಚಗಿತ್ತು. ಅದನ್ನು ಯಾರೂ ಕೇಳಲಿಲ್ಲ. ಆಮೇಲೆ ಉಷ್ಣತೆಯ ಸೆನ್ಸರ್ ಬದಲಾಯಿತು. ಮೂರನೆಯವರು ವಯಸ್ಸಾದ ಮನುಷ್ಯ. ಪೆಟ್ಟಿಗೆ ಮುಟ್ಟದೆ, ಅದರ ಕೆಳಗೆ ತಣ್ಣೀರು ಒಳಹೋಗುವ ತಿರುಪನ್ನು ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದರು. ನಿಲ್ಲಬೇಕಾದ ನೀರು ಹರಿಯುತ್ತಲೇ ಇತ್ತು! ಮಹಡಿಯ ಷವರ್ ಮಿಕ್ಸರಿನ ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್ ಸವೆದು, ತಣ್ಣೀರು ಅಲ್ಲಿಂದ ಬಿಸಿನೀರಿನ ಕೊಳವೆಗೆ ನುಗ್ಗುತ್ತಿತ್ತು. ಪರದೆ ಸುಳ್ಳು ಹೇಳಿರಲಿಲ್ಲ. ಬಾಯ್ಲರಿನಲ್ಲಿ ದೋಷವೇ ಇರಲಿಲ್ಲ.

ಮೊದಲು ಕಿತ್ತ ಪ್ಲೇಟ್ ಇನ್ನೂ ಗ್ಯಾರೇಜಿನ ಹಲಗೆಯ ಮೇಲಿದೆ. ಒಂದು ತೂತಿಗೆ ಬಾಯಿಟ್ಟು ಊದಿದರೆ ಉಸಿರು ಸಲೀಸಾಗಿ ಆಚೆ ಬರುತ್ತದೆ.