ಎಣ್ಣೆ–ಸೀಗೆಕಾಯಿಯ ಸಂಸಾರ

ಈ ವಾರ ಜಾವಾ ಗಾಡಿಯ ಕಾರ್ಬುರೇಟರಿನ ಜೆಟ್ಟುಗಳನ್ನು ಕುರಿತು ಸವಿಸ್ತಾರವಾಗಿ ಬರೆಯುವೆನೆಂದು ಕಳೆದ ವಾರದ ಅಂಕಣದ ಕೊನೆಯಲ್ಲಿ ವಾಗ್ದಾನ ಮಾಡಿದ್ದೆನಷ್ಟೆ. ಅದನ್ನು ನೆರವೇರಿಸುವ ಸಂಕಲ್ಪದಿಂದಲೇ ಈ ಬೆಳಗ್ಗೆ ಮೇಜಿನ ಮುಂದೆ ಕುಳಿತವನು, ಸಂಪಾದಕರ ಕಚೇರಿಯಿಂದ ಎರಡನೆಯ ಬಾರಿ ದೂರವಾಣಿ ಬರುವ ಹೊತ್ತಿಗೆ ಅರ್ಧ ಪುಟ ಬರೆದು, ಬರೆದುದನ್ನು ಹರಿದು, ಅಮೆರಿಕೆಯಿಂದ ಬಂದ ಒಂದು ಪತ್ರವನ್ನು ಮೂರನೆಯ ಸಲ ಓದುತ್ತಲಿದ್ದೆನು. ಜೆಟ್ಟುಗಳು ಇನ್ನೊಂದು ವಾರ ಕಾಯಲಿ. ಅವು ಹಿತ್ತಾಳೆಯವು, ಕೆಡತಕ್ಕ ಪದಾರ್ಥವಲ್ಲ.

ಪತ್ರ ಬರೆದ ಮಹನೀಯರು ತೀರ್ಥಹಳ್ಳಿಯ ಕಡೆಯವರು, ಈಗ ಮಿನ್ನೆಸೋಟದಲ್ಲಿ ನೆಲೆಸಿದವರು. ಅವರ ಬಳಿ ಟರ್ಬೊ ಇರುವ, ರೋಟರಿ ಎಂಜಿನಿನ ಹಳೆಯ ಮಾಜ್ದಾ ಆರ್‌ಎಕ್ಸ್-7 ಒಂದಿದೆ. ಹಿಂದಿನ ಒಡೆಯನು ಅದರ ಒಳಗೆ ಎಣ್ಣೆ ತೊಟ್ಟಿಕ್ಕಿಸುವ ಸಣ್ಣ ಪಂಪನ್ನು ಕಿತ್ತುಹಾಕಿದ್ದಾನಾಗಿ, ಇವರು ನಮ್ಮ ಯೆಜ್ಡಿಯವರ ಹಾಗೆ ಟೂ-ಟಿ ಆಯಿಲನ್ನು ಟ್ಯಾಂಕಿಗೇ ಸುರಿದು ಓಡಿಸುತ್ತಾರೆ. ಲೀಟರಿಗೆ 10 ಮಿಲಿಲೀಟರು, ಎಂದರೆ ನೂರಕ್ಕೆ ಒಂದು. ಅವರ ಸೀಮೆಯ ಬಂಕುಗಳಲ್ಲಿ ನೂರಕ್ಕೆ 85ರವರೆಗೆ ಎಥೆನಾಲ್ ಇರುವ ಇ85 ಎಂಬ ಇಂಧನ ಸುಲಭವಾಗಿ ದೊರೆಯುವುದಂತೆ. ಅದಕ್ಕೆ ತಕ್ಕಂತೆ ಇಂಜೆಕ್ಟರುಗಳನ್ನೂ ಇಂಧನದ ಪಂಪನ್ನೂ ಬದಲಾಯಿಸಿ ಆಗಿದೆ. ಅವರ ಪ್ರಶ್ನೆ ಇಷ್ಟೇ: ಎಣ್ಣೆಯ ಪ್ರಮಾಣ ಹಿಂದಿನಷ್ಟೇ ಇರಬೇಕೋ? ಮತ್ತು ಆ ಎಣ್ಣೆ ಈ ಮದ್ಯಸಾರದೊಡನೆ ಸಂಸಾರ ಮಾಡೀತೋ?

ರೋಟರಿ ಎಂಜಿನಿನ ಸ್ವರೂಪವನ್ನು ಈ ಅಂಕಣದ ನಿತ್ಯ ಓದುಗರಿಗೆ ಮತ್ತೆ ವಿವರಿಸಿ ಬೇಸರಪಡಿಸಲಾರೆನು. ಫೋರ್-ಸ್ಟ್ರೋಕ್ ಪಿಸ್ಟನ್ ಎಂಜಿನಿನಲ್ಲಿ ಎಣ್ಣೆಯು ಸುಡಬಾರದ ವಸ್ತು, ಸುಟ್ಟರೆ ಅದು ರೋಗದ ಲಕ್ಷಣ. ವಾಂಕೆಲ್ ಎಂಬ ಈ ರೋಟರಿ ಎಂಜಿನಿನಲ್ಲಾದರೋ ತ್ರಿಕೋನಾಕಾರದ ರೋಟರಿನ ಮೂರು ತುದಿಗಳಲ್ಲಿ ಕುಳಿತ ಸೀಲುಗಳು ಕವಚದ ಒಳಗೋಡೆಯನ್ನು ಉಜ್ಜುತ್ತಲೇ ಸುತ್ತಬೇಕಾದುದರಿಂದ, ಅಲ್ಲಿಗೆ ಹೋದ ಎಣ್ಣೆ ಹಿಂತಿರುಗುವ ದಾರಿ ಇಲ್ಲದುದರಿಂದ, ಸುಡುವುದೇ ಎಣ್ಣೆಯ ಧರ್ಮ. ಸುಡಲೆಂದೇ ಕೊಡತಕ್ಕ ಎಣ್ಣೆ ಎಂತಹದಾಗಿರಬೇಕು, ಯಾವ ದಾರಿಯಿಂದ ಹೋಗಬೇಕು ಎಂಬಲ್ಲಿಯೇ ಪಂಥಭೇದ ಹುಟ್ಟಿತು.

ಮಾಜ್ದಾದವರು ಎಂಜಿನಿನ ತಳದ ಸಂಪಿನಲ್ಲಿರುವ ಎಣ್ಣೆಯನ್ನೇ ಒಂದು ಸಣ್ಣ ಪಂಪಿನಿಂದ ತೊಟ್ಟು ತೊಟ್ಟಾಗಿ ಒಳಗೆ ಬಿಡುವ ಏರ್ಪಾಡು ಮಾಡಿದರು. ಕಂಪನಿಯವರು ಇಟ್ಟ ಪಂಪಿರಲು ನಾವೇಕೆ ಕೈಯಾಡಿಸಬೇಕೆಂಬುದು ಸಂಪ್ ಪಂಥದವರ ವಾದ. ಮೂರು ವರ್ಷದ ಹಿಂದೆ ಇದೇ ಸ್ಥಳದಲ್ಲಿ ನಾನು ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುವ ಟ್ಯಾಂಕ್ ಪಂಥವನ್ನು ಸಮರ್ಥಿಸಿದಾಗ ಆ ಪಂಥದ ಒಬ್ಬ ಹಿರಿಯರು ನನ್ನನ್ನು ‘ಹಾಲಿಗೆ ನೀರು ಬೆರೆಸುವ ಗೌಳಿಗ’ನೆಂದು ಕರೆದು ಬರೆದಿದ್ದರು. ಆ ಕಾಗದವನ್ನು ನಾನು ಮರೆತಿಲ್ಲ. ಸಂಪಿನ ಎಣ್ಣೆಯು ಸುಡಲೆಂದು ಸಿದ್ಧವಾದುದಲ್ಲ. ಅದರಲ್ಲಿ ಬೆರೆತಿರುವ ಲೋಹಾಂಶವುಳ್ಳ ಮಾರ್ಜಕಗಳು ಸುಟ್ಟ ಮೇಲೆ ಬೂದಿಯನ್ನು ಉಳಿಸುತ್ತವೆ. ಸಾವಿರಾರು ಮೈಲಿ ಓಡಿ ಕಪ್ಪಾದ ಆ ದ್ರವವನ್ನೇ ಎಂಜಿನಿನ ಅತ್ಯಂತ ಸುಕುಮಾರವಾದ ಅಂಗಕ್ಕೆ ನೈವೇದ್ಯವಾಗಿ ಅರ್ಪಿಸುವುದು ನನಗೆ ಸರಿಬೀಳದು. ಮೇಲಾಗಿ, ನಳಿಗೆಯ ಬಾಯಿಂದ ಬಿದ್ದ ತೊಟ್ಟು ಒಂದು ಜಾಗಕ್ಕೆ ಬೀಳುತ್ತದೆ. ಪೆಟ್ರೋಲಿನೊಡನೆ ಹೋದ ಎಣ್ಣೆ ಪೆಟ್ರೋಲು ಹೊಕ್ಕ ಮೂಲೆಗಳನ್ನೆಲ್ಲ ಹೊಗುತ್ತದೆ. ಪಂಪನ್ನು ಉಳಿಸಿಕೊಂಡು, ಅದಕ್ಕೆ ಬೇರೆ ಡಬ್ಬಿಯಿಂದ ಶುದ್ಧವಾದ ಟೂ-ಟಿ ಆಯಿಲನ್ನು ಉಣಿಸುವ ಮೂರನೆಯ ಪಂಥವೊಂದುಂಟು. ಅವರೊಡನೆ ನನಗೆ ಜಗಳವಿಲ್ಲ. ಗೌಳಿಗನಾದ ನಾನೂ ಒಂದು ಮಾತನ್ನು ಒಪ್ಪಬೇಕು: ಘಾಟಿಯ ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಜೆಕ್ಟರು ಪೆಟ್ರೋಲನ್ನು ನಿಲ್ಲಿಸಿದರೆ, ಅದರೊಡನೆ ಎಣ್ಣೆಯೂ ನಿಂತಿತು, ಪಂಪಾದರೆ ಆಗಲೂ ತೊಟ್ಟಿಕ್ಕುತ್ತದೆ.

ಎಣ್ಣೆಯ ಈ ಚಿಂತೆ ಇಂದಿನದಲ್ಲ. ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಫೆಲಿಕ್ಸ್ ವಾಂಕೆಲನ ಎಂಜಿನಿನ ಹಕ್ಕನ್ನು ಪಡೆದ ಹಿರೋಷಿಮಾದ ಮಾಜ್ದಾದವರು 1963ರಲ್ಲಿ ಕೆನಿಚಿ ಯಾಮಮೊಟೊ ಅವರ ನೇತೃತ್ವದಲ್ಲಿ 47 ಮಂದಿಯ ಒಂದು ವಿಭಾಗವನ್ನು ಕಟ್ಟಿದರು. ಅವರ ಮುಂದೆ ಮೊದಲು ನಿಂತ ಭೂತ, ಕವಚದ ಒಳಗೋಡೆಯ ಮೇಲೆ ಸೀಲುಗಳು ಕಂಪಿಸಿ ಕೆತ್ತುತ್ತಿದ್ದ ಅಲೆಯಲೆಯಾದ ಗೀರುಗಳು. ಅವಕ್ಕೆ ಅವರಿಟ್ಟ ಹೆಸರು ‘ಪಿಶಾಚಿಯ ಉಗುರುಗುರುತು’. ಅಲ್ಯೂಮಿನಿಯಂ ಊಡಿಸಿದ ಕಾರ್ಬನ್ನಿನ ಸೀಲನ್ನು ಮಾಡಿ ಆ ಪಿಶಾಚಿಯನ್ನು ಬಿಡಿಸಿದರು. ಎರಡನೆಯ ಪೀಡೆಯೇ ನಮ್ಮ ಪ್ರಕೃತ ವಿಷಯ: ಎಣ್ಣೆ ಬೇಡದ ಕಡೆ ಸೋರಿ, ಗಾಡಿಯ ಹಿಂದೆ ಬಿಳಿಯ ಹೊಗೆಯ ಮೋಡವೆದ್ದು ನಿಲ್ಲುತ್ತಿತ್ತು. ಇದಕ್ಕೆ ಅವರು ‘ಕಾಚಿಕಾಚಿ ಯಾಮ’ ಎಂದು ನಾಮಕರಣ ಮಾಡಿದ್ದರು. ಅದು ಜಪಾನಿನ ಮಕ್ಕಳೆಲ್ಲರೂ ಕೇಳಿ ಬೆಳೆದ ಕತೆಯ ಹೆಸರು; ಕಟ್ಟಿಗೆಯ ಹೊರೆ ಹೊತ್ತು ನಡೆಯುವ ದುಷ್ಟ ಮೃಗದ ಬೆನ್ನ ಹಿಂದೆ ಮೊಲವೊಂದು ಚಕಮಕಿ ಕುಟ್ಟಿ ಬೆಂಕಿ ಹಚ್ಚುತ್ತದೆ, ಆ ಸದ್ದೇನೆಂದು ಕೇಳಿದ ಮೃಗಕ್ಕೆ ಇದು ಕಾಚಿಕಾಚಿ ಬೆಟ್ಟ, ಆದುದರಿಂದ ಹಾಗೆ ಸದ್ದಾಗುತ್ತದೆಂದು ಮೊಲ ಹೇಳುತ್ತದೆ. ಬೆನ್ನಿಗೆ ಬೆಂಕಿ ಬಿದ್ದುದನ್ನು ಅರಿಯದೆ ನಡೆಯುವ ಪ್ರಾಣಿಯಲ್ಲಿ ತಮ್ಮ ಗಾಡಿಯನ್ನು ಕಂಡ ಆ ಎಂಜಿನಿಯರುಗಳ ಮೇಲೆ ನನಗೆ ಬಹಳ ಪ್ರೀತಿ. ಹೊಗೆ ತಗ್ಗಿ, 1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಅವರ ರೋಟರಿ ಕಾರು ಮಾರಾಟಕ್ಕೆ ಬಂದಿತು.

ಎಣ್ಣೆಯನ್ನು ಟ್ಯಾಂಕಿಗೇ ಹಾಕತಕ್ಕ ರೋಟರಿಯನ್ನು ಕಾರ್ಖಾನೆಯವರೇ ಮಾಡಲಿಲ್ಲವೇ ಎಂದು ಕೇಳುವವರಿಗೆ ಜರ್ಮನಿಯ ಹರ್ಕ್ಯುಲಿಸ್ ಡಬ್ಲ್ಯು-2000 ಎಂಬ ಮೋಟಾರ್‌ಸೈಕಲನ್ನು ತೋರಿಸಬಲ್ಲೆನು. 1974ರಲ್ಲಿ ಬಂದ ಅದರ ಫಿಕ್ಟೆಲ್ ಉಂಡ್ ಸಾಕ್ಸ್ ಎಂಜಿನು 294 ಸಿಸಿಯದು. ಮೊದಲ ಗಾಡಿಗಳಿಗೆ 25ಕ್ಕೆ 1ರಂತೆ ಪೆಟ್ರೋಲಿನಲ್ಲೇ ಎಣ್ಣೆ. ಆ ಮಿಶ್ರಣ ಸುಡುವುದಕ್ಕೆ ಮೊದಲು ರೋಟರಿನ ಹೊಟ್ಟೆಯೊಳಗೆ ಹಾದು ಅದನ್ನು ತಂಪುಮಾಡಿ, ಬೇರಿಂಗುಗಳಿಗೆ ಎಣ್ಣೆ ಹಚ್ಚಿ, ಆಮೇಲೆ ಕೋಷ್ಠಕ್ಕೆ ಹೋಗುತ್ತಿತ್ತು. ಅದೇ ವರ್ಷ ಬಂದ ಸುಜುಕಿಯ ಆರ್‌ಇ5ರಲ್ಲಾದರೋ ಎಂಜಿನಿಗೊಂದು, ಗೇರಿಗೊಂದು, ಸೀಲಿಗೊಂದು ಎಂದು ಮೂರು ಕಡೆ ಎಣ್ಣೆ ಇಟ್ಟಿದ್ದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂದು ಅವರನ್ನು ಯಾರೂ ಆಡಿಕೊಳ್ಳುವಂತಿಲ್ಲ.

ಇನ್ನು ಮದ್ಯಸಾರ. ನಮ್ಮಲ್ಲಿಯೂ ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಉದ್ಘಾಟನೆಯಾಗಿ ಈಗ ದೇಶದ ಬಂಕುಗಳನ್ನೆಲ್ಲ ವ್ಯಾಪಿಸಿದೆಯಾಗಿ, ಇದು ಪರದೇಶದ ಮಾತೆಂದು ತಳ್ಳುವಂತಿಲ್ಲ. ಈಗಿನ ತರುಣರು ಮದ್ಯವನ್ನೂ ‘ಎಣ್ಣೆ’ ಎಂದೇ ಕರೆಯುವುದರಿಂದ, ಎರಡು ಎಣ್ಣೆಗಳನ್ನು ಒಂದೇ ಪಾತ್ರೆಗೆ ಹಾಕಿದರೆ ಎಣ್ಣೆ–ಸೀಗೆಕಾಯಿಯಾದೀತೇ ಎಂಬುದು ಪ್ರಶ್ನೆ. ಮೊದಲು ಮದ್ಯಸಾರದ ಗುಣದೋಷ. ಟರ್ಬೊ ರೋಟರಿಗೆ, ಇಂಧನ ಅಕಾಲದಲ್ಲಿ ಸಿಡಿಯುವ ನಾಕಿಂಗ್‌ನಷ್ಟು ಘೋರವಾದ ಶತ್ರು ಇನ್ನೊಂದಿಲ್ಲ. ಒಂದೇ ಒಂದು ಹೊಡೆತಕ್ಕೆ ತುದಿಯ ಸೀಲು ಮುರಿದು ಹೋದೀತು. ಎಥೆನಾಲಿನ ಆಕ್ಟೇನ್ ಉಚ್ಚ, ಆದುದರಿಂದ ಅದು ನಾಕಿಂಗನ್ನು ತಡೆಯುತ್ತದೆ. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಬಹಳ ಹೆಚ್ಚು ಉಷ್ಣವನ್ನು ಹೀರಿ ಒಳಗಾಳಿಯನ್ನು ತಂಪುಮಾಡುತ್ತದೆ. ಇಷ್ಟು ಗುಣ. ದೋಷವೇನೆಂದರೆ, ಲೀಟರಿಗೆ ಅದರಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆದುದರಿಂದ ಇ85 ಕುಡಿಯುವ ಎಂಜಿನು ಸುಮಾರು ಮೂರರಲ್ಲಿ ಒಂದು ಪಾಲು ಹೆಚ್ಚಾಗಿಯೇ ಕುಡಿಯುತ್ತದೆ. ಪತ್ರ ಬರೆದ ಮಹನೀಯರು ಗಮನಿಸಬೇಕಾದುದು ಇದೇ: ನೂರಕ್ಕೆ ಒಂದೆಂಬ ಲೆಕ್ಕವನ್ನು ಹಾಗೆಯೇ ಇಟ್ಟರೂ, ದ್ರವ ಹೆಚ್ಚು ಹೋಗುವುದರಿಂದ ಮೈಲಿಗೆ ಸಲ್ಲುವ ಎಣ್ಣೆ ತಾನಾಗಿಯೇ ಹೆಚ್ಚಿತು. ಹಾಗೆಂದು ಕಡಿಮೆ ಮಾಡಲೂ ಬೇಡ. ಚಳಿಯಲ್ಲಿ ಆವಿಯಾಗದೆ ಉಳಿದ ಮದ್ಯಸಾರವು ಗೋಡೆಯ ಎಣ್ಣೆಯನ್ನು ತೊಳೆದುಹಾಕುವುದರಲ್ಲಿ ಸೀಗೆಕಾಯಿಯ ತಮ್ಮನೇ ಸರಿ.

ನಿಜವಾದ ಅಪಾಯವಿರುವುದು ನೀರಿನಲ್ಲಿ. ಹೋದ ಮಳೆಗಾಲದಲ್ಲಿ ನನ್ನ ಯೆಜ್ಡಿಯು ಆರು ವಾರ ಅಂಗಳದಲ್ಲಿ ನಿಂತಿತ್ತು. ಟ್ಯಾಂಕಿನ ಮುಚ್ಚಳದ ರಬ್ಬರು ಮುದಿಯಾಗಿದ್ದುದು ನನ್ನದೇ ತಪ್ಪು. ಒಳಗೆ ಇಳಿದ ಮಳೆನೀರು ಮದ್ಯಸಾರವನ್ನು ತನ್ನ ಕಡೆಗೆ ಸೆಳೆದುಕೊಂಡು ತಳ ಸೇರಿತು. ಎಣ್ಣೆ ಪೆಟ್ರೋಲಿನೊಡನೆ ಮೇಲೆಯೇ ಉಳಿಯಿತು. ಟ್ಯಾಂಕಿನ ಕೊಳಾಯಿ ಇರುವುದು ತಳದಲ್ಲಿ. ಹೀಗೆ ಎಂಜಿನಿಗೆ ಮೊದಲ ತುತ್ತಾಗಿ ಹೋಗತಕ್ಕುದು ಎಣ್ಣೆಯ ಲೇಶವೂ ಇಲ್ಲದ ನೀರುಮದ್ಯ. ಅದೃಷ್ಟಕ್ಕೆ ಗಾಡಿ ಚಾಲೂ ಆಗಲೇ ಇಲ್ಲ. ಪಂಪಿಲ್ಲದ ರೋಟರಿಯವರು ಇದನ್ನು ಯೋಚಿಸಬೇಕು. ಸಂಪ್ ಪಂಥದ ಹಿರಿಯರು ಇದನ್ನು ಓದಿ ನಗುವುದಾದರೆ ನಗಲಿ.

ಎಣ್ಣೆಯ ಗೋತ್ರಕ್ಕೆ ಬರೋಣ. ಪೆಟ್ರೋಲೂ ಖನಿಜ ಎಣ್ಣೆಯೂ ಒಂದೇ ಗೋತ್ರ, ಆದುದರಿಂದ ಕೂಡಲೇ ಬೆರೆಯುತ್ತವೆ. ರಸಾಯನಶಾಸ್ತ್ರದಲ್ಲಿ ಸಗೋತ್ರ ಸಂಬಂಧಕ್ಕೆ ನಿಷೇಧವಿಲ್ಲ. ಶುದ್ಧ ಎಥೆನಾಲಿಗೆ ಅದೇ ಖನಿಜ ಎಣ್ಣೆಯನ್ನು ಹಾಕಿ ನೋಡಿರಿ, ಬೇರೆ ಬೇರೆ ಪದರಗಳಾಗಿ ಮುಖ ತಿರುಗಿಸಿ ನಿಲ್ಲುತ್ತವೆ. ಮದ್ಯಸಾರದಲ್ಲಿ ಹಾಯಾಗಿ ಕರಗುವ ಎಣ್ಣೆ ಒಂದುಂಟು. ಅದು ನಮ್ಮ ಹರಳೆಣ್ಣೆ, ಬಯಲುಸೀಮೆಯವರ ಔಡಲೆಣ್ಣೆ. ಅದರ ಬಹುಭಾಗವಾದ ರಿಸಿನೋಲಿಕ್ ಆಮ್ಲದಲ್ಲಿ ಮದ್ಯಸಾರದಲ್ಲಿರುವಂತಹುದೇ ಹೈಡ್ರಾಕ್ಸಿಲ್ ಎಂಬ ಅಂಗವಿರುವುದರಿಂದ ಈ ಸ್ನೇಹ. ಈ ಹೆಸರು ಬಂದೊಡನೆ ಮಿನ್ನೆಸೋಟದ ಮಹನೀಯರು ಕ್ಷಮಿಸಬೇಕು, ನನ್ನ ಲೇಖನಿ ದಾರಿ ಬಿಡುತ್ತದೆ.

ರೋಟರಿ ಎಂಬ ಹೆಸರು ವಾಂಕೆಲನಿಗಿಂತ ಮೊದಲೇ ಇನ್ನೊಂದು ಎಂಜಿನಿಗೆ ಸಂದಿತ್ತು. ಫ್ರಾನ್ಸಿನ ಸೆಗ್ವಾ ಸಹೋದರರ ನೋಮ್ ಎಂಬ ವಿಮಾನದ ಎಂಜಿನಿನಲ್ಲಿ ಕ್ರ್ಯಾಂಕು ಸ್ಥಿರವಾಗಿ ನಿಂತು, ಸಿಲಿಂಡರುಗಳೇ ಪಂಖದೊಡನೆ ಗಿರಗಿರನೆ ಸುತ್ತುತ್ತಿದ್ದವು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕಿನ ಗೂಡಿನೊಳಗೇ ಹಾದುಹೋಗಬೇಕು, ಥೇಟು ಹರ್ಕ್ಯುಲಿಸಿನ ಹಾಗೆಯೇ. ಅಲ್ಲಿ ಖನಿಜ ಎಣ್ಣೆ ಇದ್ದರೆ ಪೆಟ್ರೋಲು ಅದನ್ನು ಕರಗಿಸಿ ತೊಳೆದುಬಿಡುತ್ತಿತ್ತು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆಯೊಂದೇ ಅಲ್ಲಿ ಬಾಳಿತು. ವಿನೋದವನ್ನು ನೋಡಿರಿ: ಪೆಟ್ರೋಲಿನ ರೋಟರಿಗೆ ಹರಳೆಣ್ಣೆಯನ್ನು ಆರಿಸಿದ್ದು ಅದಕ್ಕೂ ಇಂಧನಕ್ಕೂ ವೈರವೆಂದು, ಮದ್ಯಸಾರದ ಎಂಜಿನಿಗೆ ಅದನ್ನೇ ಆರಿಸುವುದು ಅದಕ್ಕೂ ಇಂಧನಕ್ಕೂ ಸಖ್ಯವೆಂದು! ಮೊದಲ ಮಹಾಯುದ್ಧದಲ್ಲಿ ಸಾಪ್‌ವಿತ್ ಕ್ಯಾಮೆಲ್ ಮುಂತಾದ ವಿಮಾನಗಳಲ್ಲಿ ಸಿಲಿಂಡರುಗಳಿಂದ ಹೊರಗೆರಚುತ್ತಿದ್ದ ಆ ಎಣ್ಣೆಯ ಧೂಮವನ್ನು ಗಂಟೆಗಟ್ಟಲೆ ಸೇವಿಸಿದ ವೈಮಾನಿಕರ ಉದರಕ್ಕೆ ಏನಾಗುತ್ತಿತ್ತೆಂಬುದನ್ನು, ಬಾಲ್ಯದಲ್ಲಿ ಅಜ್ಜಿಯ ಕೈಯಿಂದ ಹರಳೆಣ್ಣೆ ಕುಡಿದ ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ.

ವಿಮಾನದ ಮಾತು ಬಂದುದರಿಂದ ಇನ್ನೊಂದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರಕ್ಷಣಾ ಸಂಸ್ಥೆಗಳೊಡನೆ ಸೇರಿ 55 ಅಶ್ವಶಕ್ತಿಯ ವಾಂಕೆಲ್ ಎಂಜಿನೊಂದನ್ನು ನಿರ್ಮಿಸಿ, 2009ರಲ್ಲಿ ಕೋಲಾರದ ಬಳಿ ನಿಶಾಂತ್ ಎಂಬ ಚಾಲಕರಹಿತ ವಿಮಾನದಲ್ಲಿ ಹಾರಿಸಿದರು. ತ್ರಿಕೋನವು ನಮ್ಮ ಆಕಾಶಕ್ಕೆ ಅಪರಿಚಿತವಲ್ಲ.

ಹರಳೆಣ್ಣೆಗೆ ಹಿಂತಿರುಗೋಣ. ಮದ್ಯಸಾರದೊಡನೆ ಅದಕ್ಕೆ ಅಷ್ಟು ಸಖ್ಯವಾದರೆ, ಇ85ರ ಮಾಜ್ದಾಕ್ಕೆ ಅದನ್ನೇ ಹಾಕಬಹುದೇ? ಕೂಡದು. ಕಾಯ್ದಷ್ಟೂ ಅದು ಅಂಟಾಗಿ, ಅರಗಿನಂತೆ ಗಟ್ಟಿಯಾಗುವ ಸ್ವಭಾವದ್ದು. ತುದಿಯ ಸೀಲು ತನ್ನ ಸಂದಿನಲ್ಲಿ ಸಲೀಸಾಗಿ ಏರಿ ಇಳಿಯಬೇಕಾದುದು, ಅಂಟಿಕೊಂಡರೆ ಮುಗಿಯಿತು. ಎಸ್ಟರ್ ಮೂಲದ ಈಗಿನ ಕೃತಕ ಟೂ-ಟಿ ಎಣ್ಣೆಗಳು ಮದ್ಯಸಾರದ ಮಿಶ್ರಣದಲ್ಲಿ ಖನಿಜ ಎಣ್ಣೆಗಿಂತ ಚೆನ್ನಾಗಿ ಬೆರೆಯುತ್ತವೆ. ಆದರೂ ಡಬ್ಬಿಯ ಮೇಲಿನ ಬರೆಹವನ್ನು ನಂಬದೆ, ತಾವು ಕೊಳ್ಳುವ ಎಣ್ಣೆಯನ್ನು ತಾವು ಕೊಳ್ಳುವ ಇಂಧನದಲ್ಲಿ ಅದೇ ಪ್ರಮಾಣಕ್ಕೆ ಬೆರೆಸಿ, ಗಾಜಿನ ಭರಣಿಯಲ್ಲಿ ಮುಚ್ಚಿ, ಒಂದು ರಾತ್ರಿ ಮನೆಯ ಹೊರಗೆ ಬೆಂಕಿಯಿಂದ ದೂರ ಇಟ್ಟು ನೋಡಿರಿ. ಮಿನ್ನೆಸೋಟದ ಚಳಿಗಿಂತ ಕಠಿಣನಾದ ಪರೀಕ್ಷಕನು ಸಿಗಲಾರನು. ಬೆಳಗ್ಗೆ ತಳದಲ್ಲಿ ಗೆರೆ ಕಂಡರೆ ಆ ಎಣ್ಣೆ ಬೇಡ.

ಈ ಪರೀಕ್ಷೆಯನ್ನು ನಾನೂ ಮಾಡಿದೆನು. ನೆರೆಯ ರಸಾಯನಶಾಸ್ತ್ರದ ಮೇಷ್ಟರು ಕೊಟ್ಟ ಸ್ಪಿರಿಟ್ಟನ್ನು ಎರಡು ಭರಣಿಗಳಿಗೆ ಹೊಯ್ದು, ಒಂದಕ್ಕೆ ಎಂಜಿನ್ ಆಯಿಲನ್ನೂ ಇನ್ನೊಂದಕ್ಕೆ ಹರಳೆಣ್ಣೆಯನ್ನೂ ಬೆರೆಸಿ ಕಿಟಕಿಯಲ್ಲಿಟ್ಟೆನು. ಮೊದಲನೆಯದರಲ್ಲಿ ಎಣ್ಣೆ ಕಂದುಬಣ್ಣದ ಪದರವಾಗಿ ತಳ ಹಿಡಿದು ಕುಳಿತಿದೆ. ಎರಡನೆಯದು ತಿಳಿಯಾದ ಜೇನಿನಂತೆ ಬೆಳಕಿಗೆ ಹೊಳೆಯುತ್ತಿದೆ. ಹರಳೆಣ್ಣೆಯು ಶನಿವಾರದ ಅಭ್ಯಂಜನಕ್ಕೆಂದು ಮನೆಯವರು ತರಿಸಿಟ್ಟದ್ದು. ಸೀಸೆ ಅರ್ಧವಾಗಿರುವುದು ಅವರ ಕಣ್ಣಿಗೆ ಇನ್ನೂ ಬಿದ್ದಿಲ್ಲ.