ಕೊಬ್ಬರಿ ಹೆಚ್ಚುವ ಹದಿನೈದು ದಿನ

ಹೊಸ ವರ್ಷಕ್ಕೆ ಏನಾದರೂ ಶುರುಮಾಡಬೇಕು ಅನ್ನುವ ಹುಮ್ಮಸ್ಸು ಡಿಸೆಂಬರ್ ಕೊನೆಯ ವಾರದಲ್ಲಿ ಬಹಳ ಜನಕ್ಕೆ ಬರುತ್ತದೆ. ಬೆಳಗಿನ ವಾಕಿಂಗ್, ಡೈರಿ ಬರೆಯುವುದು, ಟೆರೇಸಿನ ಮೇಲೆ ನಾಲ್ಕು ಕುಂಡದಲ್ಲಿ ಸೊಪ್ಪು ಬೆಳೆಯುವುದು. ಯಾವುದೂ ಕೆಟ್ಟದ್ದಲ್ಲ. ಆದರೆ ಈ ಕೆಲಸಗಳಿಗೆ ಮುಗಿಯುವ ದಿನ ಅನ್ನುವುದಿಲ್ಲ, ಮುಗಿಸಿ ಯಾರ ಕೈಗೆ ಕೊಡಬೇಕು ಅನ್ನುವುದೂ ಇಲ್ಲ. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಜನವರಿಯ ಮೊದಲ ಎರಡು ವಾರ ನಡೆಯುವ ಒಂದು ಕೆಲಸಕ್ಕೆ ಎರಡೂ ಇವೆ. ಅದು ಎಳ್ಳುಬೆಲ್ಲ ಮಾಡುವ ಕೆಲಸ. ಸಂಕ್ರಾಂತಿಯ ಸಂಜೆಯೊಳಗೆ ಅದು ಮುಗಿಯಲೇಬೇಕು, ಮುಗಿದದ್ದರಲ್ಲಿ ಮುಕ್ಕಾಲು ಪಾಲು ಬೇರೆಯವರ ಮನೆ ಸೇರಬೇಕು. ಇದನ್ನು ಸಂಪ್ರದಾಯವೆಂದು ಹೊಗಳಿದವರು ಬೇಕಾದಷ್ಟು ಜನ ಇದ್ದಾರೆ. ಕೈಕೆಲಸವಾಗಿ, ತಿನಿಸಾಗಿ, ಕೊಡುಕೊಳ್ಳುವ ಏರ್ಪಾಡಾಗಿ ಇದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂದು ಬಿಡಿಸಿ ನೋಡಬೇಕೆಂಬುದು ನನ್ನ ಆಸೆ.

ನೋಡುವುದಕ್ಕೆ ನಾನಿರುವ ಶ್ರೀಗಂಧದ ಕಾವಲ್ ತಕ್ಕ ಜಾಗ. ಮಾಗಡಿ ರಸ್ತೆ, ಸುಂಕದಕಟ್ಟೆ, ನಾಗರಬಾವಿಯ ಆಸುಪಾಸಿನ ಈ ಬಡಾವಣೆಯಲ್ಲಿ ಸಣ್ಣ ಸೈಟುಗಳ ಮೇಲೆ ಎರಡು ಮೂರು ಮಹಡಿ ಎದ್ದಿವೆ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಕುಣಿಗಲ್, ತುಮಕೂರು, ಮಂಡ್ಯ, ಹಾಸನದ ಕಡೆಯವರ ಪಕ್ಕದಲ್ಲೇ ಗದಗ, ವಿಜಯಪುರದ ಕಡೆಯವರೂ ಇದ್ದಾರೆ. ಡಿಸೆಂಬರ್ ಬಂತೆಂದರೆ ರಸ್ತೆ ಬದಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ, ಮನೆಮನೆಯಲ್ಲಿ ಹಿತಕಬೇಳೆ ಸಾರಿನ ಘಮ. ಮಾಗಡಿ ಸೀಮೆಯ ಅವರೆಗೆ ಬೆಂಗಳೂರಿನಲ್ಲಿ ಮೊದಲಿನಿಂದಲೂ ಹೆಸರಿದೆ. ಡಿಸೆಂಬರ್ 31ರ ರಾತ್ರಿ ಹುಡುಗಿಯರು ನಿದ್ದೆಗೆಟ್ಟು ಬೀದಿ ತುಂಬ ಬಣ್ಣದ ರಂಗೋಲಿ ಹಾಕಿ ಹೊಸ ಇಸವಿ ಬರೆಯುತ್ತಾರೆ. ಅದು ಒಂದು ರಾತ್ರಿಯ ಸಂತೋಷ, ನೋಡಲು ಚೆಂದ. ಮರುದಿನದಿಂದ ಟೆರೇಸಿನ ಮೇಲೆ ಹಳೇ ಪಂಚೆ ಹಾಸಿ ಕೊಬ್ಬರಿ ಚೂರು ಹರಡುವುದು ಶುರುವಾಗುತ್ತದೆ.

ಎಳ್ಳುಬೆಲ್ಲಕ್ಕೆ ಬೇಕಾದ ಸಾಮಾನು ಐದು: ಬಿಳಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಇದರಲ್ಲಿ ಪಾಕ ಹಿಡಿಯುವುದಿಲ್ಲ, ಉಂಡೆ ಕಟ್ಟುವುದಿಲ್ಲ, ತುಪ್ಪ ಏಲಕ್ಕಿ ಸೇರಿಸಿ ತಪ್ಪು ಮುಚ್ಚುವ ಅವಕಾಶವೂ ಇಲ್ಲ. ಹದವೆಲ್ಲ ಹೆಚ್ಚುವುದರಲ್ಲಿ, ಹುರಿಯುವುದರಲ್ಲಿ, ಒಣಗಿಸುವುದರಲ್ಲಿ ಇದೆ. ಕೊಬ್ಬರಿಯ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು ತೆಗೆಯಬೇಕು. ಬಿಳಿಯ ಭಾಗವನ್ನು ಮೊದಲು ಉದ್ದಕ್ಕೆ ಸೀಳಿ ಆಮೇಲೆ ಅಡ್ಡಕ್ಕೆ ಕತ್ತರಿಸಬೇಕು. ಇಲ್ಲಿ ಕೊಬ್ಬರಿಯ ಗುಣ ಬಹಳ ಮುಖ್ಯ. ತಿಪಟೂರು ಕಡೆಯ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಚಿಪ್ಪಿನೊಳಗೇ ಒಣಗಿದ್ದು. ಹಾಗೆ ನಿಧಾನವಾಗಿ ನೀರು ಬಿಟ್ಟದ್ದರಿಂದ ಅದಕ್ಕೆ ಎಣ್ಣೆಯಂಶವೂ ಬಿಗಿಯೂ ಸಿಹಿಯೂ ಇರುತ್ತದೆ. ಚಾಕು ಇಟ್ಟರೆ ಪುಡಿಯಾಗುವುದಿಲ್ಲ, ಅಂಚು ನೇರವಾಗಿ ಬರುತ್ತದೆ. ಆತುರದಲ್ಲಿ ಒಣಗಿಸಿದ ಕೊಬ್ಬರಿಯಲ್ಲಿ ಈ ಅಂಚು ಸಿಗದು.

ಬೆಲ್ಲದ್ದು ಇನ್ನೊಂದು ಬಗೆಯ ಕಷ್ಟ. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಕತ್ತರಿಸುತ್ತಾರೆ. ಚಾಕುವಿನಲ್ಲಿ ಹೊಡೆದರೆ ಪುಡಿ ಹೆಚ್ಚು, ಚೂರು ಕಡಿಮೆ. ಬೆಲ್ಲ ಗಾಳಿಯ ತೇವವನ್ನು ಹೀರುತ್ತದೆ, ಮಳೆಗಾಲದಲ್ಲಾದರೆ ಹೆಚ್ಚಿದ ಚೂರುಗಳು ಮರುದಿನಕ್ಕೆ ಒಂದಕ್ಕೊಂದು ಅಂಟಿ ಮುದ್ದೆಯಾಗಿಬಿಡುತ್ತವೆ. ಬೆಂಗಳೂರಿನಲ್ಲಿ ಅತಿ ಕಡಿಮೆ ಮಳೆ ಬೀಳುವ ತಿಂಗಳುಗಳಲ್ಲಿ ಜನವರಿ ಒಂದು. ಬೆಳಗ್ಗೆ ಮಂಜು ಕವಿದರೂ ಹತ್ತು ಗಂಟೆಯ ಮೇಲೆ ಒಣ ಬಿಸಿಲು. ಆ ಬಿಸಿಲಿಗೆ ಚೂರಿನ ಮೇಲ್ಮೈ ಗಟ್ಟಿಯಾಗುತ್ತದೆ, ಒಳಗು ಮೆದುವಾಗಿಯೇ ಉಳಿಯುತ್ತದೆ. ಈ ತಿನಿಸು ಈ ತಿಂಗಳಿಗೇ ಸೇರಿದ್ದು ಅನ್ನುವುದಕ್ಕೆ ಪಂಚಾಂಗದಷ್ಟೇ ಬಲವಾದ ಕಾರಣ ಹವಾಮಾನದಲ್ಲಿದೆ.

ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿದರೆ ಹೋಳು ಬೇರೆಯಾಗುತ್ತದೆ. ಮೊರ ಹಿಡಿಯಲು ಬರುವವರು ಈಗ ಪ್ರತಿ ಮನೆಯಲ್ಲೂ ಇಲ್ಲ. ಎಳ್ಳನ್ನು ಕೊನೆಗೆ ಹುರಿಯಬೇಕು. ಚಟಪಟ ಅನ್ನುತ್ತಿದ್ದ ಹಾಗೆ ಬಾಣಲೆಯಿಂದ ತೆಗೆಯಬೇಕು, ತಡವಾದರೆ ಕಹಿ. ಒಂದು ಹಿಡಿ ಸೀದ ಎಳ್ಳು ಒಂದು ಕೆಜಿ ಮಿಶ್ರಣವನ್ನು ಕೆಡಿಸಬಲ್ಲದು. ಎಲ್ಲವೂ ಚೆನ್ನಾಗಿ ತಣ್ಣಗಾದ ಮೇಲೆಯೇ ಬೆಲ್ಲ ಬೆರೆಸಬೇಕು. ಮಕ್ಕಳಿರುವ ಮನೆಯಲ್ಲಿ ಬಣ್ಣದ ಜೀರಿಗೆ ಪೆಪ್ಪರ್‌ಮೆಂಟನ್ನೂ ಹಾಕುತ್ತಾರೆ. ರುಚಿಗೆ ಅದು ಬೇಕಿಲ್ಲ, ಆದರೆ ಮಕ್ಕಳು ಅದನ್ನೇ ಹುಡುಕುತ್ತಾರೆ.

ಇಷ್ಟೆಲ್ಲ ಶ್ರಮಕ್ಕೆ ಬಾಯಲ್ಲಿ ಏನು ಸಿಗುತ್ತದೆ? ಚೂರುಗಳೆಲ್ಲ ಹೆಚ್ಚುಕಡಿಮೆ ಕಡಲೆಕಾಯಿ ಹೋಳಿನ ಗಾತ್ರಕ್ಕಿದ್ದರೆ ಒಂದು ಚಿಟಿಕೆಯಲ್ಲಿ ಐದೂ ಬರುತ್ತವೆ. ಮೊದಲು ಹುರಿಗಡಲೆ ಹಿಟ್ಟಾಗುತ್ತದೆ, ಅದರ ಹಿಂದೆಯೇ ಬೆಲ್ಲ ಕರಗುತ್ತದೆ, ಅಗಿಯುತ್ತ ಹೋದಂತೆ ಕಡಲೆಕಾಯಿ, ಕೊಬ್ಬರಿಯ ಎಣ್ಣೆ ಹೊರಬರುತ್ತದೆ, ಕೊನೆಯಲ್ಲಿ ಹಲ್ಲಿಗೆ ಸಿಕ್ಕ ಎಳ್ಳು. ಉಂಡೆಯಲ್ಲಾಗಲಿ ಚಿಕ್ಕಿಯಲ್ಲಾಗಲಿ ಈ ಕ್ರಮ ಸಿಗುವುದಿಲ್ಲ, ಅಲ್ಲಿ ಪಾಕ ಎಲ್ಲವನ್ನೂ ಒಂದೇ ರುಚಿಗೆ ಎಳೆಯುತ್ತದೆ. ಬೇಯಿಸದೆ, ಅಂಟಿಸದೆ, ಬರೀ ಅಳತೆಯಿಂದ ರುಚಿ ಕಟ್ಟಿದ ಇಂಥ ತಿನಿಸು ನಮ್ಮ ಅಡುಗೆಮನೆಯಲ್ಲಿ ಅಪರೂಪ. ಚಳಿಗೆ ಮೈ ಒಡೆಯುವ ಕಾಲದಲ್ಲಿ ಎಣ್ಣೆಕಾಳು ತಿನ್ನುವುದು ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ, ಇರಬಹುದು. ನನಗೆ ರುಚಿಯ ಕಾರಣವೇ ಸಾಕು.

ಈ ಅಳತೆಯಿಂದಲೇ ಅಂಗಡಿಯ ರೆಡಿ ಪ್ಯಾಕೆಟ್ಟನ್ನೂ ತೂಗಬೇಕು. ವಿಜಯನಗರ, ರಾಜಾಜಿನಗರದ ಅಂಗಡಿಗಳಲ್ಲಿ ಜನವರಿ ಮೊದಲ ವಾರದಿಂದಲೇ ಎಳ್ಳುಬೆಲ್ಲ ಗುಡ್ಡೆ ಬೀಳುತ್ತದೆ. ಅದರಲ್ಲಿ ಹೆಚ್ಚು ತುಂಬಿರುವುದು ಹುರಿಗಡಲೆ. ಕಾರಣ ಸುಲಭ, ಅದಕ್ಕೆ ಹೆಚ್ಚುವ ಕೆಲಸವಿಲ್ಲ. ಕೊಬ್ಬರಿ ಎಷ್ಟೋ ಸಲ ತೆಳುವಾದ ಹಾಳೆಯಂತಿದ್ದು ಸಿಪ್ಪೆ ಉಳಿದಿರುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ, ಬೆಲ್ಲವನ್ನು ಮುಂಚೆಯೇ ಬೆರೆಸಿಬಿಟ್ಟಿರುವುದು. ಪ್ಲಾಸ್ಟಿಕ್ಕಿನೊಳಗೆ ಬೆಲ್ಲದ ತೇವ ಹುರಿದ ಬೀಜಕ್ಕೆ ಇಳಿದು ಗರಿ ಹೋಗುತ್ತದೆ, ಹಳೆಯದಾದರೆ ಕನಕಲು ವಾಸನೆ. ಹಾಗೆಂದು ಕೊಳ್ಳುವವರನ್ನು ದೂರುವುದು ಸಲ್ಲದು. ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸಿಗೆ ಹೋಗಿ ರಾತ್ರಿ ಮನೆ ಸೇರುವ ಹೆಣ್ಣುಮಗಳಿಗೆ ಕೊಬ್ಬರಿ ಹೆಚ್ಚು ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಅಂಥವರಿಗೆ ನಡುವಿನ ದಾರಿಯೊಂದಿದೆ. ಹೆಚ್ಚಿದ ಕೊಬ್ಬರಿ, ಹೆಚ್ಚಿದ ಬೆಲ್ಲ ಅಂಗಡಿಯಲ್ಲಿ ಬೇರೆಬೇರೆಯಾಗಿಯೂ ಸಿಗುತ್ತದೆ. ಅದನ್ನು ತಂದು, ಎಳ್ಳು ಮತ್ತು ಬೀಜವನ್ನು ಮನೆಯಲ್ಲಿ ಹುರಿದು ಹಬ್ಬದ ದಿನ ಬೆರೆಸಿದರೆ ರುಚಿಯ ಬಹುಪಾಲು ಉಳಿಯುತ್ತದೆ.

ಸಕ್ಕರೆ ಅಚ್ಚಿನ ಮಾತು ಬೇರೆ. ಕೈಕೆಲಸವೆಂದು ನೋಡಿದರೆ ಎಳ್ಳುಬೆಲ್ಲಕ್ಕಿಂತ ಇದು ಒಂದು ಮೆಟ್ಟಿಲು ಮೇಲೆ. ಎರಡು ಹೋಳಿನ ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಹಾಕಬೇಕು, ಒಣ ಮರಕ್ಕೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಸಕ್ಕರೆ ಪಾಕಕ್ಕೆ ಸ್ವಲ್ಪ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಯಿಸಿ, ಪಾಕ ಬೆಳ್ಳಗೆ ಮಂದವಾಗುವವರೆಗೆ ತಿರುವಿ ಆ ಕ್ಷಣದಲ್ಲೇ ಅಚ್ಚಿಗೆ ಸುರಿಯಬೇಕು. ಮುಂಚೆಯಾದರೆ ಗಟ್ಟಿಯಾಗದು, ತಡವಾದರೆ ಪಾತ್ರೆಯಲ್ಲೇ ಕಲ್ಲು. ಸರಿಯಾಗಿ ಬಂದಾಗ ಆನೆಯ ಸೊಂಡಿಲು, ಗಿಳಿಯ ಕೊಕ್ಕು, ತುಳಸಿಕಟ್ಟೆಯ ಮೆಟ್ಟಿಲು ಎಲ್ಲ ಎದ್ದು ಕಾಣುತ್ತವೆ. ಆದರೆ ಅದು ಬರೀ ಸಕ್ಕರೆ, ತಿನ್ನುವವರು ಕಡಿಮೆ. ಎಷ್ಟೋ ಮನೆಗಳಲ್ಲಿ ಫೆಬ್ರವರಿಯವರೆಗೆ ಡಬ್ಬಿಯಲ್ಲಿದ್ದು ಕೊನೆಗೆ ಕಾಫಿಗೆ ಬೀಳುತ್ತದೆ. ಮನೆಗೊಂದರಂತೆ ಬೀರುವಷ್ಟು ಸಣ್ಣ ಅಚ್ಚು, ಬಣ್ಣ ಹಾಕದೆ ಬೆಳ್ಳಗೆ ಮಾಡಿದರೆ ಸಾಕು. ಕಡುಗುಲಾಬಿ, ಕಡುಹಸಿರು ಬಣ್ಣದ ಅಚ್ಚುಗಳಲ್ಲಿ ಕೆತ್ತನೆಯ ಸೂಕ್ಷ್ಮ ಮುಚ್ಚಿಹೋಗುತ್ತದೆ.

ಇನ್ನು ಎಳ್ಳು ಬೀರುವುದು. ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲ, ಅಚ್ಚು, ಬಾಳೆಹಣ್ಣು, ಕಬ್ಬಿನ ತುಂಡು ಇಟ್ಟುಕೊಂಡು ಮನೆಮನೆಗೆ ಹೋಗುವುದು ಈ ಬೀದಿಗಳಲ್ಲಿ ಇನ್ನೂ ಜೀವಂತವಾಗಿದೆ. ಹೊಸದಾಗಿ ಮದುವೆಯಾದವರು ಐದು ವರ್ಷ ಬಾಳೆಹಣ್ಣು ಬೀರುತ್ತಾರೆ. ಎಳೆ ಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸುರಿದು ಆರತಿ ಎತ್ತುತ್ತಾರೆ. ವರ್ಷವಿಡೀ ಬಾಗಿಲು ಹಾಕಿಕೊಂಡಿರುವ ಮನೆಗಳ ಹೊಸ್ತಿಲನ್ನು ಒಂದು ಸಂಜೆಯಾದರೂ ಮಕ್ಕಳು ದಾಟುತ್ತಾರೆ, ಎದುರುಮನೆಯ ಅಜ್ಜಿಯ ಮುಖ ಗುರುತು ಹಿಡಿಯುತ್ತಾರೆ. ನೆರೆಹೊರೆ ಬೆಳೆಸಲು ಇಷ್ಟು ಸರಳವಾದ, ಇಷ್ಟು ಕಡಿಮೆ ಖರ್ಚಿನ ಏರ್ಪಾಡು ನಗರದಲ್ಲಿ ಇನ್ನೊಂದಿಲ್ಲ.

ಪದ್ಧತಿಯ ದೊಡ್ಡ ದೋಷವೂ ಇಲ್ಲಿಯೇ ಇದೆ, ಅದನ್ನು ಮೃದುವಾಗಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಎಳ್ಳು ಬೀರುವುದನ್ನು ಅರಿಶಿನ ಕುಂಕುಮದ ಜೊತೆ ಕಟ್ಟಿಹಾಕಿದ್ದರಿಂದ ಗಂಡ ತೀರಿಕೊಂಡ ಹೆಣ್ಣುಮಕ್ಕಳು ಎಷ್ಟೋ ಮನೆಗಳಲ್ಲಿ ಕೊಡುವವರ ಸಾಲಿನಿಂದಲೂ ತೆಗೆದುಕೊಳ್ಳುವವರ ಸಾಲಿನಿಂದಲೂ ಹೊರಗುಳಿಯುತ್ತಾರೆ. ಹದಿನೈದು ದಿನ ಕೂತು ಕೊಬ್ಬರಿ ಹೆಚ್ಚಿದ ಕೈ ಅವರದೇ ಆಗಿರುತ್ತದೆ, ಹಬ್ಬದ ಸಂಜೆ ಅವರು ಒಳಮನೆಯಲ್ಲಿರುತ್ತಾರೆ. ಎಳ್ಳಿಗೂ ಬೆಲ್ಲಕ್ಕೂ ಈ ಭೇದ ಬೇಕಿಲ್ಲ. ಹಾಗೆಯೇ ಹೆಚ್ಚುವ ಕೆಲಸ ಹೆಂಗಸರದ್ದು, ಬೀರುವ ಕೆಲಸ ಹುಡುಗಿಯರದ್ದು, ತಿನ್ನುವುದು ಎಲ್ಲರದ್ದು ಅನ್ನುವ ಹಂಚಿಕೆಗೂ ಸಮರ್ಥನೆಯಿಲ್ಲ. ಅಡಕತ್ತರಿ ಹಿಡಿಯಲು ಗಂಡಸರಿಗೆ ಬರುತ್ತದೆ, ಎಲೆಅಡಿಕೆ ಹಾಕುವ ತಲೆಮಾರು ಅದನ್ನು ದಿನಾ ಹಿಡಿದಿತ್ತು.

ಇನ್ನೊಂದು ದೋಷ ಈಚಿನದು. ಎಳ್ಳಿನ ಜೊತೆ ಪ್ಲಾಸ್ಟಿಕ್ ಡಬ್ಬಿ, ಪುಟ್ಟ ಬುಟ್ಟಿ, ಬಟ್ಟಲು ಕೊಡುವ ರೂಢಿ ಬೆಳೆದಿದೆ. ಕೊಟ್ಟವರಿಗೆ ಖರ್ಚು, ತೆಗೆದುಕೊಂಡವರಿಗೆ ಅಟ್ಟದ ಭಾರ, ತಿರುಗಿ ಕೊಡಲೇಬೇಕೆಂಬ ಮುಜುಗರ ಬೇರೆ. ಬಾಡಿಗೆ ಮನೆಯ ಸಂಸಾರಗಳು ಈ ಮುಜುಗರಕ್ಕೇ ಬೀರುವುದನ್ನು ಬಿಟ್ಟದ್ದುಂಟು. ತಟ್ಟೆಯಿಂದ ಬಟ್ಟಲಿಗೆ ಒಂದು ಹಿಡಿ ಸುರಿಯುವುದರಲ್ಲಿ ಎಲ್ಲರೂ ಸಮ, ಡಬ್ಬಿ ಬಂದ ಕೂಡಲೇ ಅಳತೆ ಶುರುವಾಗುತ್ತದೆ.

ಇವೆರಡರ ಎದುರಿಗೆ ಈ ಬಡಾವಣೆಯಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಬದಲಾವಣೆಯೊಂದಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ ಮಾಡುತ್ತಾರೆ, ಶೇಂಗಾ ಹೋಳಿಗೆಯೂ ಇರುತ್ತದೆ. ಸಂಕ್ರಮಣಕ್ಕೆ ಅವರು ಹಂಚುವುದು ಕುಸುರೆಳ್ಳು. ಸಣ್ಣ ಉರಿಯಲ್ಲಿ ಎಳ್ಳಿಗೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಹಾಕುತ್ತ, ಕೈಯಾಡಿಸುತ್ತ ಮೈಮೇಲೆ ಮುಳ್ಳೇಳಿಸುವ ಆ ಕೆಲಸಕ್ಕೂ ಎಳ್ಳುಬೆಲ್ಲದಷ್ಟೇ ತಾಳ್ಮೆ ಬೇಕು. ಕೆಳಗಿನ ಮನೆಯಿಂದ ಎಳ್ಳುಬೆಲ್ಲ ಹತ್ತಿ ಹೋಗುತ್ತದೆ, ಮೇಲಿನ ಮನೆಯಿಂದ ಸಜ್ಜೆ ರೊಟ್ಟಿ ಇಳಿದು ಬರುತ್ತದೆ. ಒಂದೇ ಜಾತಿಯ, ಒಂದೇ ಊರಿನವರ ನಡುವೆ ಸುತ್ತುತ್ತಿದ್ದ ತಟ್ಟೆ ಹೀಗೆ ಮೆಟ್ಟಿಲು ಹತ್ತಿದ್ದು ನಗರ ಈ ಪದ್ಧತಿಗೆ ಮಾಡಿದ ಉಪಕಾರ. ಹಳ್ಳಿಯಲ್ಲಿದ್ದಾಗ ಎಲ್ಲ ಚೆನ್ನಾಗಿತ್ತು, ಊರು ಸೇರಿ ಕೆಟ್ಟಿತು ಎಂದು ಕೊರಗುವವರು ಇದನ್ನು ಗಮನಿಸಬೇಕು.

ದಿನದ ಬಗ್ಗೆಯೂ ಒಂದು ಮಾತು. ಸಂಕ್ರಾಂತಿ ಜನವರಿ 14ಕ್ಕೇ ಬರಬೇಕು, 15ಕ್ಕೆ ಬಂದರೆ ಏನೋ ಎಡವಟ್ಟು ಎಂದು ಕೆಲವರು ಗೊಣಗುತ್ತಾರೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಆ ವರ್ಷದ ಮಕರ ಸಂಕ್ರಾಂತಿಯೇ ಆಗಿತ್ತು. ಭೂಮಿಯ ಅಕ್ಷ ನಿಧಾನವಾಗಿ ಓಲುವುದರಿಂದ ಸುಮಾರು 72 ವರ್ಷಕ್ಕೊಮ್ಮೆ ಈ ದಿನ ಒಂದು ದಿನದಷ್ಟು ಮುಂದೆ ಸರಿಯುತ್ತದೆ. ಹೆಚ್ಚುವವರಿಗೆ ಅದರಿಂದ ಇನ್ನೊಂದು ಬಿಸಿಲು ಸಿಕ್ಕಂತಾಯಿತು.

ಒಟ್ಟಿನಲ್ಲಿ ನನ್ನ ತೀರ್ಮಾನ ಇದು: ತಿನಿಸಾಗಿ ಎಳ್ಳುಬೆಲ್ಲ ನಮ್ಮ ಅತ್ಯುತ್ತಮಗಳಲ್ಲಿ ಒಂದು, ಕೈಕೆಲಸವಾಗಿ ಮನೆಮಂದಿಯೆಲ್ಲ ಕೂತು ಮಾಡಲು ಯೋಗ್ಯವಾದದ್ದು, ಬೀರುವ ಪದ್ಧತಿಯಾಗಿ ತಿದ್ದಿಕೊಂಡರೆ ಮಾತ್ರ ಉಳಿಯಬೇಕಾದದ್ದು. ಮಾಡಬೇಕೆನ್ನುವವರು ಈ ಜನವರಿಯಲ್ಲಿ ಐದು ಸಾಮಾನನ್ನೂ ತಲಾ ಕಾಲು ಕೆಜಿ ತನ್ನಿ. ಸಿಪ್ಪೆ ಪುಡಿ ಹೋಗಿ ಒಂದು ಕೆಜಿಗೆ ಕಡಿಮೆ ಬಾರದು, ಹಿಡಿಗೆ 30 ಗ್ರಾಂನಂತೆ ಮೂವತ್ತು ಮನೆಗೆ ಆಗುತ್ತದೆ. ಹೆಚ್ಚುವಾಗ ಗಂಡುಮಕ್ಕಳನ್ನೂ ಕೂರಿಸಿ, ಬೀರುವಾಗ ಅವರನ್ನೂ ಕಳಿಸಿ. ಮೊದಲ ಹಿಡಿಯನ್ನು ಇದುವರೆಗೆ ಯಾರೂ ಎಳ್ಳು ಬೀರದ ಮನೆಗೆ, ಅರಿಶಿನ ಕುಂಕುಮದ ಲೆಕ್ಕ ಬಿಟ್ಟು ಒಳಮನೆಯಲ್ಲಿರುವ ಅಜ್ಜಿಗೆ, ಮೇಲಿನ ಮಹಡಿಯ ಹೊಸ ಬಾಡಿಗೆಯವರಿಗೆ ಕೊಡಿ.